ನಾನು ಬೇಡವೆಂದ ನವೆಂಬರ್

ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಇಪ್ಪತ್ತು ವರ್ಷಗಳಿಂದ ಬಸ್ ಹತ್ತಿ ಇಳಿಯುತ್ತಿದ್ದೇನೆ. ಆದರೂ ಹೊಸ ಕಂಡಕ್ಟರ್ ಬಂದನೆಂದರೆ ನನಗೆ ಇಂಗ್ಲಿಷ್ ತಪ್ಪಿದ್ದಲ್ಲ. ಹಿಂದಿನ ಸೀಟಿನವರೆಗೂ ತುಳುವಿನಲ್ಲಿ ತಮಾಷೆ ಮಾಡುತ್ತ ಟಿಕೆಟ್ ಹರಿದುಕೊಟ್ಟು ಬಂದವನು ನನ್ನ ಮುಂದೆ ನಿಂತೊಡನೆ ಗಂಟಲು ಸರಿಮಾಡಿಕೊಂಡು "ವೇರ್ ಗೋಯಿಂಗ್ ಮೇಡಂ" ಎನ್ನುತ್ತಾನೆ. ನಾನು ಕನ್ನಡದಲ್ಲಿ ಸ್ಟಾಪಿನ ಹೆಸರು ಹೇಳಿದರೆ, ಕನ್ನಡ ಚಂದ ಕಲ್ತಿದ್ದೀರಿ ಎಂಬ ಶಹಭಾಸ್‌ಗಿರಿ ಬೇರೆ. ಕಲಿಯದೆ ಏನು ಮಾಡಲಿ ಮಾರಾಯ? ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವವಳು ನಾನು. ಅವನಿಗೇ ಸಂಧಿ ಸಮಾಸ ಕಲಿಸಿರುವ ಸಾಧ್ಯತೆಯೂ ಇದೆ.

ನಾವು ಸಿದ್ದಿಗಳು. ನನ್ನ ತವರು ಯಲ್ಲಾಪುರದ ಕಡೆಯ ಕಾಡಂಚಿನ ಹಳ್ಳಿ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಜನರ ಮೊಮ್ಮಕ್ಕಳ ಮೊಮ್ಮಕ್ಕಳು ನಾವು ಎಂದು ಪುಸ್ತಕದಲ್ಲಿದೆ. ನಮ್ಮ ಕೂದಲು, ತುಟಿ, ಮೈಬಣ್ಣ ನೋಡಿದವರಿಗೆ ಆ ಪುಸ್ತಕ ಬೇಕಾಗಿಲ್ಲ. ಪದವಿ ಓದಲು ಮೂಡುಬಿದಿರೆಯ ಹಾಸ್ಟೆಲಿಗೆ ಬಂದ ವಾರವೇ ಕಾಲೇಜಿನ ದೈಹಿಕ ಶಿಕ್ಷಕರು ಸ್ಟಾಪ್‌ವಾಚ್ ಹಿಡಿದು ನನ್ನನ್ನು ಹುಡುಕಿಕೊಂಡು ಬಂದರು. ಸಿದ್ದಿ ಎಂದರೆ ಓಡಲೇಬೇಕಲ್ಲ! ಓಡಿದೆ. ಎಲ್ಲರಿಗಿಂತ ಕೊನೆಗೆ ಬಂದೆ. ಅವರ ಮುಖ ಎಷ್ಟು ಸಣ್ಣದಾಯಿತೆಂದರೆ ನಾನೇ ಕ್ಷಮೆ ಕೇಳಿದೆ. ಈಗ ನೆನೆದರೆ ಆ ಕ್ಷಮೆಗೇ ಹೆಚ್ಚು ಸಿಟ್ಟು ಬರುತ್ತದೆ.

ಓದು ಮುಗಿದ ಮೇಲೆ ಇಲ್ಲೇ ಕೆಲಸ ಸಿಕ್ಕಿತು. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ ಆರನೆಯ ತರಗತಿಯಿಂದ ಹತ್ತರವರೆಗಿನ ಒಂದು ಖಾಸಗಿ ಶಾಲೆ. ನನ್ನ ಗಂಡ ನಮ್ಮೂರ ಕಡೆಯವರೇ, ಸರ್ಕಾರಿ ಬಸ್ಸಿನ ಚಾಲಕರು. ಮಗಳು ಹುಟ್ಟಿದ್ದು ಬಂಟ್ವಾಳದ ಆಸ್ಪತ್ರೆಯಲ್ಲಿ, ಬೆಳೆದದ್ದು ನನ್ನ ಶಾಲೆಯ ಅಂಗಳದಲ್ಲಿ. ಅವಳು ನಿದ್ದೆಯಲ್ಲಿ ಕನವರಿಸುವುದೂ ತುಳುವಿನಲ್ಲೇ.

ನಾನು ಕೆಲಸಕ್ಕೆ ಸೇರಿದ ವರ್ಷ ಆಗಿನ ಹೆಡ್ಮಾಸ್ತರರಿಗೆ ಒಂದು ಉತ್ಸಾಹ ಹುಟ್ಟಿತು. ರಾಜ್ಯೋತ್ಸವದ ತಿಂಗಳನ್ನು ಶಾಲೆಯಲ್ಲಿ 'ಸಿದ್ದಿ ಪರಂಪರೆ ಮಾಸ' ಎಂದು ಆಚರಿಸುವುದು. ಪಾಪ, ಒಳ್ಳೆಯ ಮನುಷ್ಯ. ನಮ್ಮ ಟೀಚರ ಜನರ ಬಗ್ಗೆ ಮಕ್ಕಳಿಗೆ ಗೊತ್ತಾಗಬೇಕು ಎಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು. ಆದರೆ ಗೊತ್ತುಮಾಡುವ ಕೆಲಸವೆಲ್ಲ ನನ್ನದು. ಆಫ್ರಿಕಾದ ನಕ್ಷೆ ಬರೆದ ಒಂದು ಚಾರ್ಟು, ನಾನು ಊರಿನಿಂದ ತಂದ ಡಮಾಮಿ ಡೋಲು, ಕೊನೆಯ ಶನಿವಾರ ಒಂದು ಕುಣಿತ. ಕುಣಿತದ ಡ್ರೆಸ್ಸು ಬಂಟ್ವಾಳದ ನಾಟಕ ಸಾಮಗ್ರಿ ಅಂಗಡಿಯಿಂದ ಬಾಡಿಗೆಗೆ ಬರುತ್ತಿತ್ತು. ಪ್ಲಾಸ್ಟಿಕ್ ಎಲೆಯ ಲಂಗ, ಥರ್ಮಾಕೋಲಿನ ಮೂಳೆ ಸರ, ಒಂದೊಂದು ಈಟಿ. ನನ್ನ ಅಮ್ಮ ಜೀವಮಾನವಿಡೀ ಸೀರೆ ಎತ್ತಿಕಟ್ಟಿ ಪರರ ತೋಟದಲ್ಲಿ ಅಡಿಕೆ ಸುಲಿದವಳು. ಈಟಿಯನ್ನು ಅವಳು ಕಣ್ಣಿನಿಂದಲೂ ಕಂಡವಳಲ್ಲ.

ಡ್ರೆಸ್ಸಿನ ಜೊತೆ ಮಸಿಯೂ ಇತ್ತು. ಸಿದ್ದಿ ಕುಣಿತ ಎಂದಮೇಲೆ ಮಕ್ಕಳು ಕಪ್ಪಾಗಿರಬೇಡವೇ? ಎಂಟನೆಯ ತರಗತಿಯ ಹುಡುಗರು ಇದ್ದಿಲ ಪುಡಿಗೆ ತೆಂಗಿನೆಣ್ಣೆ ಕಲಸಿ ಮುಖ, ಕೈ, ಹೊಟ್ಟೆಗೆಲ್ಲ ಬಳಿದುಕೊಂಡು, ಹಲ್ಲು ಕಿರಿಯುತ್ತ ನನ್ನ ಮುಂದೆಯೇ ಬಂದು ನಿಂತು ಸರಿಯಾಗಿದೆಯೇ ಎಂದು ಕೇಳುತ್ತಿದ್ದರು. ನಾನು ಏನು ಹೇಳಿದೆ ಗೊತ್ತೇ? ಕಿವಿಯ ಹಿಂದೆ ಬಿಟ್ಟುಹೋಗಿದೆ, ಅಲ್ಲಿಗೂ ಹಚ್ಚು ಎಂದೆ. ಹದಿನೈದು ವರ್ಷ ಹೀಗೆ ನಡೆಯಿತು. ಪ್ರತಿ ಅಕ್ಟೋಬರಿನಲ್ಲಿ ನನಗೆ ತಲೆನೋವು ಶುರುವಾಗುತ್ತಿತ್ತು. ಮನೆಗೆ ಬಂದು ಗಂಡನ ಮೇಲೆ ಹರಿಹಾಯುತ್ತಿದ್ದೆ. ಅವರು, ಬೇಡ ಅಂತ ಒಂದು ಮಾತು ಹೇಳಿಬಿಡು, ನಿನ್ನನ್ನೇನು ನುಂಗುತ್ತಾರಾ ಎನ್ನುತ್ತಿದ್ದರು. ಹೇಳುವ ಬಾಯಿ ಇದ್ದಿದ್ದರೆ ಗಂಡನ ಮೇಲೆ ಯಾಕೆ ಹರಿಹಾಯುತ್ತಿದ್ದೆ?

ಇದರ ನಡುವೆ ಮಗಳಿಗೆ ಯಕ್ಷಗಾನದ ಹುಚ್ಚು ಹತ್ತಿತು. ಬೆಳ್ತಂಗಡಿ ದಾಟಿ ಮುಂಡಾಜೆಯ ಹತ್ತಿರದಿಂದ ಶನಿವಾರ ಶನಿವಾರ ಬಸ್ಸಿನಲ್ಲಿ ಬಂದು ಕಲಿಸುವ ಗುರುಗಳೊಬ್ಬರು ನಮ್ಮ ಶಾಲೆಗೆ ಸಿಕ್ಕಿದ್ದಾರೆ. ಅವಳು ಆರನೆಯ ತರಗತಿಯಿಂದ ಅವರ ಶಿಷ್ಯೆ. ಗಿರಗಿರ ತಿರುಗುತ್ತ ಹಾರುವ ದಿಗಿಣವನ್ನು ಉಸಿರು ಬಿಡದೆ ಮೂವತ್ತು ಹಾಕುತ್ತಾಳೆ. ಪುಂಡುವೇಷಕ್ಕೆ, ಅಂದರೆ ಎಳೆಯ ಪ್ರಾಯದ ವೀರರ ವೇಷಕ್ಕೆ, ಬೇಕಾದದ್ದೇ ಅದು. ಅವಳ ಆಸೆಯೂ ಅದೊಂದೇ. ಆದರೆ ಮೂರು ವರ್ಷ ವಾರ್ಷಿಕೋತ್ಸವಕ್ಕೆ ಅವಳಿಗೆ ಸಿಕ್ಕಿದ್ದು ರಾಕ್ಷಸ ವೇಷ. ಕೇಳಿದರೆ ಗುರುಗಳು, ಆಳ್ತನ ಉಂಟಲ್ಲ ಟೀಚರ್, ಅವಳಿಗೇ ಒಪ್ಪುವುದು ಎಂದರು. ಎಂಥ ಆಳ್ತನ, ಎಂಥ ಮೈಕಟ್ಟು? ನುಗ್ಗೆಕಾಯಿಯ ಹಾಗಿದ್ದಾಳೆ ನನ್ನ ಮಗಳು. ಅವಳನ್ನು ರಾಕ್ಷಸ ಮಾಡಲು ಹೊಟ್ಟೆಗೆ ಎರಡು ದಿಂಬು ಕಟ್ಟಬೇಕಾಗಿತ್ತು!

ಇದರಲ್ಲಿರುವ ದಡ್ಡತನ ನೋಡಿ. ರಾಕ್ಷಸ ವೇಷಕ್ಕೆ ಮುಖದ ಒಂದು ಕೂದಲೆಳೆಯಷ್ಟು ಜಾಗವನ್ನೂ ಬಿಡುವುದಿಲ್ಲ. ಕೆಂಪು, ಕಪ್ಪು, ಅದರ ಮೇಲೆ ಅಕ್ಕಿಹಿಟ್ಟು ಸುಣ್ಣದ ಬಿಳಿ ಚುಕ್ಕೆಗಳು. ಒಳಗಿರುವವರು ಹಾಲಿನ ಬಣ್ಣದವರೋ ನನ್ನ ಬಣ್ಣದವರೋ ಹೆತ್ತ ತಾಯಿಗೂ ತಿಳಿಯದು. ಯಾರನ್ನು ಬೇಕಾದರೂ ಯಾರನ್ನಾಗಿ ಬೇಕಾದರೂ ಮಾಡುವ ವಿದ್ಯೆ ಕೈಯಲ್ಲಿಟ್ಟುಕೊಂಡ ಜನ, ಮೂರು ವರ್ಷವೂ ರಾಕ್ಷಸ ಎಂದ ಕೂಡಲೇ ನನ್ನ ಮಗಳ ಕಡೆಗೇ ತಿರುಗಿದರು. ಯಾರ ಮನಸ್ಸಿನಲ್ಲಿಯೂ ಕೆಟ್ಟದ್ದಿರಲಿಲ್ಲ ಎಂಬುದೇ ನನ್ನ ಹೊಟ್ಟೆ ಉರಿಸುವ ಸಂಗತಿ. ಕೆಟ್ಟದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಕಳೆದ ಜೂನಿನಲ್ಲಿ ಹೊಸ ಹೆಡ್ಮಾಸ್ತರರು ಬಂದರು. ಪ್ರಾಯದವರು, ಚುರುಕು. ಮೊದಲ ಸ್ಟಾಫ್ ಮೀಟಿಂಗಿನಲ್ಲೇ ವರ್ಷದ ಕಾರ್ಯಕ್ರಮಗಳ ಪಟ್ಟಿ ಓದುತ್ತ ನವೆಂಬರಿಗೆ ಬಂದು ನಿಂತರು. ಈಗ ಎಲ್ಲರೂ ಒಂದೇ, ಯಾರಿಗೂ ಪ್ರತ್ಯೇಕ ಮಾಸ ಯಾಕೆ, ಅದರಿಂದಲೇ ಭೇದ ಜಾಸ್ತಿ ಆಗುವುದಲ್ಲವೇ ಎಂದು ಕೇಳಿದರು. ಕೇಳಿದ್ದು ಎಲ್ಲರನ್ನು, ನೋಡಿದ್ದು ನನ್ನನ್ನು. ಇಪ್ಪತ್ತು ಜನ ಸಹೋದ್ಯೋಗಿಗಳೂ ಚಹದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ನನಗೆ ಎದ್ದು ಕುಣಿಯಬೇಕೆನಿಸಿತು, ಎಲೆಯ ಲಂಗ ಇಲ್ಲದೆಯೇ. ಬೇಡ ಸರ್, ಖಂಡಿತ ಬೇಡ, ತೆಗೆದುಬಿಡಿ ಎಂದೆ. ಆ ಧೈರ್ಯದ ಬಿಸಿಯಲ್ಲೇ ಇನ್ನೊಂದು ಮಾತು ಬಾಯಿಗೆ ಬಂತು.

"ಎಲ್ಲರೂ ಒಂದೇ ಅಂತಾದ್ರೆ, ಈ ವರ್ಷ ಪುಂಡುವೇಷ ನನ್ನ ಮಗಳಿಗೆ ಕೊಡಿ ಸರ್."

ಯಾರೋ ಕೆಮ್ಮಿದರು. ಹೆಡ್ಮಾಸ್ತರರು ಗುರುಗಳನ್ನು ಕೇಳುತ್ತೇನೆ ಎಂದರು, ಕೇಳಿದರು, ಕೊಟ್ಟರು. ಮಗಳು ಮನೆಯಲ್ಲಿ ದಿಗಿಣ ಹಾಕಿ ಕೆಳಗಿನ ಮನೆಯವರಿಂದ ಬೈಸಿಕೊಂಡಳು. ನಾನು ನವೆಂಬರನ್ನು ಮಾರಿ ಮಗಳಿಗೊಂದು ಕಿರೀಟ ತಂದೆ ಎಂದು ಗಂಡನ ಹತ್ತಿರ ಜಂಬ ಕೊಚ್ಚಿದೆ.

ನವೆಂಬರ್ ಬಂತು, ಹೋಯಿತು. ಚಾರ್ಟು ಸ್ಟೋರ್ ರೂಮಿನಲ್ಲಿ ಮುರಿದ ಬೆಂಚುಗಳ ಹಿಂದೆ ಇತ್ತು, ಆಫ್ರಿಕಾದ ಅರ್ಧ ಭಾಗವನ್ನು ಗೆದ್ದಲು ತಿಂದಿತ್ತು. ಯಾರೂ ಏನೂ ಕೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ಹದಿನೈದು ವರ್ಷ ನಡೆದದ್ದು ನಿಂತುಹೋದರೆ ಒಬ್ಬರಾದರೂ ಯಾಕೆ ಎನ್ನಬಾರದೇ ಎಂದು ಒಂದೆರಡು ದಿನ ಅನಿಸಿತು. ಬೇಡವೆಂದವಳೇ ನಾನು, ಮತ್ತೆ ಈ ಅನಿಸಿಕೆ ಎಲ್ಲಿಂದ ಬಂತೋ.

ಡಿಸೆಂಬರಿನಲ್ಲಿ ವಾರ್ಷಿಕೋತ್ಸವ. ಮುಖ್ಯ ಅತಿಥಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಗಲ್ಫಿನಲ್ಲಿ ಹೋಟೆಲು ನಡೆಸುವವನು. ಸಂಜೆಯ ವಿಮಾನ ಹಿಡಿಯಲಿಕ್ಕಿದೆ ಎಂದು ಅವನಿಗಾಗಿ ಯಕ್ಷಗಾನವನ್ನು ಮಧ್ಯಾಹ್ನಕ್ಕೇ ತಂದರು. ಚೆಂಡೆ ಶುರುವಾಯಿತು. ಪರದೆ ಸರಿದಾಗ ಗುಲಾಬಿ ಬಣ್ಣದ ಮುಖ, ತಿದ್ದಿದ ಹುಬ್ಬು, ತಲೆಯ ಮೇಲೆ ಹೊಳೆಯುವ ಕಿರೀಟದೊಂದಿಗೆ ನಿಂತವಳು ನನ್ನ ಮಗಳೆಂದು ಗುರುತು ಹಿಡಿಯಲು ನನಗೇ ಒಂದು ಕ್ಷಣ ಬೇಕಾಯಿತು. ಅವಳು ಕುಣಿದಳು. ಹೆತ್ತವಳು ಹೊಗಳಬಾರದು ಎನ್ನುವವರು ಅಂದು ಅಲ್ಲಿರಲಿಲ್ಲ ಬಿಡಿ. ಮೂವತ್ತನೆಯ ದಿಗಿಣಕ್ಕೆ ಸಭೆಯೇ ಎಣಿಸತೊಡಗಿತ್ತು, ಅವಳು ನಲವತ್ತು ಹಾಕಿದಳು. ನನ್ನ ಹಿಂದೆ ಕೂತಿದ್ದ ತಾಯಿಯೊಬ್ಬಳು ಇದು ಯಾರ ಬಾಲೆ ಎಂದು ಕೇಳಿದಳು. ನಾನು ತಿರುಗಿ, ನನ್ನದು ಎಂದೆ.

ಆಮೇಲೆ ಮುಖ್ಯ ಅತಿಥಿಯ ಭಾಷಣ. ವೇಷದಲ್ಲೇ ಇದ್ದ ಮಗಳನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡ. ಯಾರೋ ಅವನ ಕಿವಿಯಲ್ಲಿ ನನ್ನ ಮಗಳೆಂದು ಹೇಳಿದರು. ಅವನ ಮುಖ ಅರಳಿತು, ಸಭೆಯಲ್ಲಿದ್ದ ನನ್ನ ಕಡೆಗೆ ಕೈ ಮುಗಿದ. ಎಂಟನೆಯ ತರಗತಿಯಲ್ಲಿ ಪದ್ಯ ಬಾಯಿಪಾಠ ಬಾರದೆ ನನ್ನಿಂದ ಬೈಸಿಕೊಳ್ಳುತ್ತಿದ್ದ ಹುಡುಗ ಅವನು, ನನಗೆ ಚೆನ್ನಾಗಿ ನೆನಪಿದ್ದ. ನನ್ನ ಮೊದಲನೆಯ ನವೆಂಬರಿನ ಹುಡುಗ.

"ಈ ಟೀಚರ್ ನಮಗೆ ಆಫ್ರಿಕಾದ ಡ್ಯಾನ್ಸ್ ಕಲಿಸಿದ್ರು. ನಾನೂ ಮೈಗೆಲ್ಲ ಮಸಿ ಹಚ್ಚಿ, ಈಟಿ ಹಿಡ್ಕೊಂಡು ಕುಣಿದಿದ್ದೇನೆ" ಎಂದ. ಸಭೆ ನಕ್ಕಿತು. "ಅಷ್ಟು ದೂರದ ದೇಶದವರು ಇಲ್ಲಿಗೆ ಬಂದು ನಮ್ಮ ಕಲೆ ಇಷ್ಟು ಚಂದ ಕಲಿತದ್ದು ನೋಡಿ ಖುಷಿ ಆಯ್ತು. ನಮ್ಮ ಮಕ್ಕಳೂ ಇವಳನ್ನು ನೋಡಿ ಕಲೀಬೇಕು."

ಚಪ್ಪಾಳೆ ಬಿತ್ತು. ಅವನ ದನಿಯಲ್ಲಿ ವ್ಯಂಗ್ಯದ ಒಂದು ಎಳೆಯೂ ಇರಲಿಲ್ಲ. ನನ್ನ ಮೈ ಉರಿಯಿತು. ಎದ್ದು ನಿಂತು, ಅವಳು ಬಂಟ್ವಾಳದಲ್ಲಿ ಹುಟ್ಟಿದವಳು ಮಾರಾಯ, ನಿನಗಿಂತ ಚೆನ್ನಾಗಿ ತುಳು ಮಾತಾಡುತ್ತಾಳೆ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಕೂಗಿ ಇಷ್ಟು ವರ್ಷದಲ್ಲಿ ಅಭ್ಯಾಸವಿದ್ದರೆ ತಾನೇ.

ವೇದಿಕೆಯ ಹಿಂದಿನ ತರಗತಿಯೇ ಅಂದಿನ ಚೌಕಿ, ವೇಷ ಕಟ್ಟುವ ಬಿಚ್ಚುವ ಕೋಣೆ. ಕಿರೀಟ ತೆಗೆದಿಟ್ಟು ಮಗಳು ಬೆಂಚಿನ ಮೇಲೆ ಕೂತಿದ್ದಳು. ನಾನು ತೆಂಗಿನೆಣ್ಣೆಯಲ್ಲಿ ಬಟ್ಟೆ ಅದ್ದಿ ಅವಳ ಮುಖ ಒರೆಸತೊಡಗಿದೆ. ಗುಲಾಬಿ ಬಣ್ಣ ಬಟ್ಟೆಗೆ ಬಂತು, ಕೆನ್ನೆ ಕಾಣಿಸಿತು. ಅವನಿಗೆ ಬುದ್ಧಿ ಇಲ್ಲ, ದುಡ್ಡು ಮಾಡಿದ ಮಾತ್ರಕ್ಕೆ ಬುದ್ಧಿ ಬರುತ್ತದಾ, ಎಂದು ನಾನು ಒಂದೇ ಸಮನೆ ಗೊಣಗುತ್ತಿದ್ದೆ. ಅವಳು ಅತ್ತಿರಲಿಲ್ಲ. ಕೈಕಟ್ಟು ಬಿಚ್ಚುತ್ತ ಕೇಳಿದಳು.

"ಅವರು ನಿನ್ನ ಕ್ಲಾಸಲ್ಲಿ ಕೂತದ್ದಾ ಅಮ್ಮ?"

ಹೌದು ಎಂದೆ.

"ಮತ್ತೆ ನೀನು ಅವರಿಗೆ ಎಂತ ಹೇಳಿಕೊಟ್ಟದ್ದು?"

ಏನು ಹೇಳಿಕೊಟ್ಟಿದ್ದೆ? ಡೋಲು ಹೇಗೆ ಬಡಿಯುವುದು, ಈಟಿ ಹೇಗೆ ಹಿಡಿಯುವುದು, ಮಸಿ ಕಿವಿಯ ಹಿಂದೂ ಹಚ್ಚುವುದು. ಗೋವೆಯಲ್ಲಿ ನಮ್ಮವರನ್ನು ದನದ ಹಾಗೆ ಹಲ್ಲು ನೋಡಿ ಕೊಂಡರೆಂದು, ಅವರು ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದರೆಂದು ನನ್ನ ಅಜ್ಜಿ ಹೇಳುತ್ತಿದ್ದ ಮಾತನ್ನು ಹದಿನೈದು ನವೆಂಬರಿನಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಗುಲಾಮರು ಎಂಬ ಪದವನ್ನು ಮಕ್ಕಳ ಮುಂದೆ ಹೇಳಿ ಮರುದಿನ ಅವರೆದುರು ನಿಂತು ವ್ಯಾಕರಣ ಕಲಿಸಲು ನನಗೆ ನಾಚಿಕೆ. ಎಲೆಯ ಲಂಗಕ್ಕೆ ಬಾರದ ನಾಚಿಕೆ ಅದಕ್ಕೆ ಬಂದಿತ್ತು.

ಅಷ್ಟೇ ಆಗಿದ್ದರೆ ಸರಿಯಿತ್ತು. ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಹಿರಿಯರ ಹೆಸರಲ್ಲಿ ಒಂದು ತೆಂಗಿನಕಾಯಿ ಇಟ್ಟಿದ್ದೇನೆ. ವರ್ಷಕ್ಕೊಮ್ಮೆ ಬದಲಿಸಿ, ಕೋಳಿ ಬೇಯಿಸಿ ಎಡೆ ಇಡುತ್ತೇವೆ. ಮಗಳು ಚಿಕ್ಕವಳಿದ್ದಾಗ ಅವರ ಹೆಸರೇನು ಎಂದು ಕೇಳಿದ್ದಳು. ಹಿರಿಯರು ಅಂದರೆ ಹಿರಿಯರು, ಕೈ ಮುಗಿ ಎಂದು ಗದರಿದ್ದೆ. ಅವರ ಹೆಸರು ಯಾರಿಗೂ ಗೊತ್ತಿಲ್ಲ, ಯಾಕೆ ಗೊತ್ತಿಲ್ಲ ಎಂಬುದು ಮಾತ್ರ ಗೊತ್ತು ಎಂದು ಅವಳಿಗೂ ಹೇಳಿರಲಿಲ್ಲ. ಗಲ್ಫಿನ ಹುಡುಗನಷ್ಟೇ ನನ್ನ ಮಗಳೂ ತಿಳಿದುಕೊಂಡಿದ್ದಳು. ಕಲಿಸಿದ ಟೀಚರ್ ಇಬ್ಬರಿಗೂ ಒಬ್ಬಳೇ ತಾನೇ.

ಸೋಮವಾರ ಹೆಡ್ಮಾಸ್ತರರ ಕೋಣೆಗೆ ಹೋಗಿ ನವೆಂಬರ್ ವಾಪಸು ಬೇಕು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನೀವೇ ಬೇಡ ಅಂದದ್ದಲ್ವಾ ಟೀಚರ್? ಇದೆಲ್ಲ ಇನ್ನೂ ಬೇಕಾ?"

ಬೇಡದ ಕಾಲ ಬಂದರೆ ನಾನೇ ಬಂದು ಹೇಳುತ್ತೇನೆ, ಆ ತೀರ್ಮಾನ ನನಗೇ ಬಿಡಿ ಎಂದೆ. ಡೋಲು ತರುವುದಿಲ್ಲ, ಬಂಟ್ವಾಳದಿಂದ ಡ್ರೆಸ್ಸು ತರಿಸುವುದಿಲ್ಲ, ಮುಖಕ್ಕೆ ಮಸಿ ಹಚ್ಚಿದವನ ಕಿವಿ ಹಿಂಡುತ್ತೇನೆ, ವಾರಕ್ಕೊಂದು ಪೀರಿಯಡ್ ಕೊಟ್ಟರೆ ಸಾಕು ಎಂದೆ. ಪುಂಡುವೇಷವನ್ನು ಮಾತ್ರ ವಾಪಸು ಕೊಡುವುದಿಲ್ಲ ಎಂದೂ ಸೇರಿಸಿದೆ. ಅವರು ನಗಬೇಕೋ ಬೇಡವೋ ತಿಳಿಯದೆ ಪಟ್ಟಿಯಲ್ಲಿ ಬರೆದುಕೊಂಡರು.

ಆದರೆ ಮೊದಲನೆಯ ಪಾಠಕ್ಕೆ ನವೆಂಬರಿನವರೆಗೆ ಕಾಯಲು ಆಗಲಿಲ್ಲ. ಅಂದು ಸಂಜೆ ಶಾಲೆಯಿಂದ ಬಂದವಳೇ ಮಗಳನ್ನು ಅಡುಗೆಕೋಣೆಗೆ ಕರೆದು, ಆ ಮೂಲೆಯ ತೆಂಗಿನಕಾಯಿಯ ಮುಂದೆ ಕೂರಿಸಿ, ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದೆ. ಗುಲಾಮರು ಎಂಬ ಪದವನ್ನು ಮೂರು ಸಲ ಶುರುಮಾಡಿ ಹೇಳಿದೆ. ಅವಳು ಎದ್ದುಹೋಗಿ ನನಗೆ ನೀರು ತಂದುಕೊಟ್ಟು, ಮತ್ತೆ ಬಂದು ಅಲ್ಲೇ ಕೂತಳು, ಮುಂದೆ ಹೇಳು ಎಂದಳು.