ಮಂಚಮ್ಮ ಶಿಬಿರಕ್ಕೆ ಹೋದದ್ದು

ಹುಲ್ಲಹಳ್ಳಿ ಪಕ್ಕದ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಮಂಚಮ್ಮ ಊರಿದ ಕಾಲು ಕೀಳುವವಳಲ್ಲ. ಹದಿನಾಲ್ಕು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ, ದಲಿತರ ಬೀದಿಯವಳ ಕೈಯಡುಗೆ ಬೇಡವೆಂದು ಅರ್ಧಕ್ಕರ್ಧ ಮಕ್ಕಳು ಮನೆಯಿಂದಲೇ ಡಬ್ಬಿ ತರುತ್ತಿದ್ದರು. ನೀನೇ ಬಿಟ್ಟುಬಿಡು ಎಂದು ಹೇಳಲು ಬಂದವರಿಗೆ, "ನಾನ್ ಬುಡಕ್ಕಿಲ್ಲ. ಅಸಿವಾದಾಗ ಐಕ್ಳು ಬತ್ತವೆ" ಎಂದಿದ್ದಳು. ದಸರಾ ರಜೆ ಕಳೆದ ಮೇಲೆ ಡಬ್ಬಿಗಳು ಒಂದೊಂದಾಗಿ ನಿಂತವು.

ಹೋದ ವರ್ಷ ಅವಳು ಮಹಿಳಾ ಸಂಘದ ಮುಂದೆ ಒಂದು ಕರಪತ್ರ ಹಿಡಿದು ನಿಂತಳು. ಟಿ. ನರಸೀಪುರದಲ್ಲಿ ಯುವಜನರಿಗೆ ಹತ್ತು ದಿನದ ನಾಯಕತ್ವ ಶಿಬಿರ. ಊಟ, ವಾಸ ಅಲ್ಲೇ. ಒಬ್ಬೊಬ್ಬರಿಗೂ ಯಾವುದಾದರೂ ಸಂಘವೋ ಸಂಸ್ಥೆಯೋ ಪ್ರಾಯೋಜಕರಾಗಬೇಕು. ನಂಜನಗೂಡಿನಲ್ಲಿ ಡಿಗ್ರಿ ಓದುತ್ತಿದ್ದ ಎದುರುಮನೆಯ ರಂಜಿನಿಯನ್ನು ಸಂಘದ ವತಿಯಿಂದ ಕಳಿಸಬೇಕೆಂಬುದು ಅವಳ ಹಟ.

"ಎಣ್ಣೈಕ್ಳು ಲೀಡ್ರಾಗಿ ಯಾರನ್ನ ಆಳ್ಬೇಕು?" ಎಂದು ಹಿರಿಯ ಸದಸ್ಯೆ ವಿಶಾಲಮ್ಮ ಕೇಳಿದಳು.

"ಯಾರ್ನೂ ಆಳದ್ ಬ್ಯಾಡ ಕಣಕ್ಕ. ಅವಳ್ನ ಯಾರೂ ಆಳ್ದಿದ್ರೆ ಸಾಕು."

ರಂಜಿನಿ ಹೋದಳು. ನಾಲ್ಕನೇ ದಿನ, ಭಾನುವಾರ ಬೆಳಿಗ್ಗೆ, ಮಂಚಮ್ಮನಿಗೆ ಶಿಬಿರದ ನಿರ್ದೇಶಕ ಗುರುಪ್ರಸಾದರ ಫೋನು ಬಂತು. "ನಿಮ್ಮ ಹುಡುಗಿ ಶಿಸ್ತು ಮೀರಿದ್ದಾಳೆ. ಬಂದು ಕರ್ಕೊಂಡು ಹೋಗಿ."

ನಂಜನಗೂಡಿನಲ್ಲಿ ಬಸ್ಸು ಬದಲಿಸಿ ಮಂಚಮ್ಮ ಅಲ್ಲಿಗೆ ಮುಟ್ಟಿದಾಗ ರಂಜಿನಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಶಿಬಿರದಲ್ಲಿ ಅಡುಗೆಯ ಸರದಿ ಹುಡುಗಿಯರಿಗೆ ಮಾತ್ರ ಬಿದ್ದಿತ್ತು. ಸಂಜೆ ಭಾಷಣ ಕಲಿಸುವ ಹೊತ್ತೇ ಅಡುಗೆಯ ಹೊತ್ತು. ಹಿಂದಿನ ದಿನ ರಂಜಿನಿ ಚಾಕು ಕೆಳಗಿಟ್ಟು ಎದ್ದುಹೋಗಿ ಭಾಷಣದ ತರಗತಿಯ ಮುಂದಿನ ಸಾಲಿನಲ್ಲಿ ಕೂತಳು. ಉಳಿದ ಹುಡುಗಿಯರೂ ಅವಳ ಹಿಂದೆ ಹೋದರು. ಗುರುಪ್ರಸಾದ್ ಕ್ಷಮಾಪಣೆ ಬರೆದುಕೊಡು ಎಂದರೆ ರಂಜಿನಿ ಬರೆದುಕೊಡಲಿಲ್ಲ.

"ಮಾತಾಡದ್ ಕಲಿಯಕ್ ಬಂದು ಮೂರ್ ದಿನದಿಂದ ಈರುಳ್ಳಿ ಎಚ್ಚಿವ್ನಿ ದೊಡ್ಡವ್ವ" ಎಂದಳು ರಂಜಿನಿ. "ತಪ್ಪಾಯ್ತು ಅಂದ್ಬುಡ್ಲಾ?"

ಇವಳನ್ನು ಅರ್ಧಕ್ಕೇ ಕರೆದುಕೊಂಡು ಹೋದರೆ ಸಂಘದಲ್ಲಿ ಏಳುವ ಮಾತುಗಳೆಲ್ಲ ಮಂಚಮ್ಮನ ಕಿವಿಗೆ ಆಗಲೇ ಬಿದ್ದಂತಾಯಿತು. ಆದರೂ ಕೇಳಿದಳು: "ತಪ್ಪು ಮಾಡಿದ್ದೀಯಾ?"

"ಇಲ್ಲ."

"ಮತ್ತೆ ಯಾಕವ್ವ ಅನ್ಬೇಕು?"

ಅವಳು ನೇರ ಗುರುಪ್ರಸಾದರ ಕೋಣೆಗೆ ನಡೆದಳು. "ಎದ್ರಕಂಡು ತೆಪ್ಪಗಿರದ್ನ ನಮ್ಮೂರಲ್ಲೇ ಕಲ್ತ್ಕತಿದ್ಲು ಸಾ. ಅದ್ಕೆ ಬಸ್ಸತ್ತಿ ಇಲ್ಗಂಟ ಯಾಕ್ ಬರ್ಬೇಕಾಗಿತ್ತು?"

ಗುರುಪ್ರಸಾದ್ ಕನ್ನಡಕ ತೆಗೆದರು. "ನೋಡಿಯಮ್ಮ, ಹುಡುಗರಿಗೆ ಅಡುಗೆ ಬರಲ್ಲ."

"ಬರ್ದಿದ್ರೆ ಕಲ್ಸಿ. ಇದು ಕಲ್ಸೋ ಜಾಗ ಅಲ್ವಾ? ನಿಮ್ಗಾಗ್ದಿದ್ರೆ ನಾನ್ ಕಲಿಸ್ತೀನಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ಹೊರಟವಳನ್ನು ತಡೆಯುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಅವಳು ಕೂಗಿದ್ದಕ್ಕೆ ಆರು ಜನ ಹುಡುಗರು ಬಂದರು. ಇಸ್ತ್ರಿ ಅಂಗಿಯ ಜಗನ್ ಎನ್ನುವವನು ಈರುಳ್ಳಿ ಮುಂದೆ ಕೂತು ಗಳಗಳ ಅತ್ತ. "ಅಳ್ಬ್ಯಾಡ ಕಣ್ಲಾ ಮಗ, ಯಾರೂ ಸತ್ತಿಲ್ಲ, ಎಚ್ಚು" ಎಂದಳು. ಅನ್ನ ತಳ ಹಿಡಿಯಿತು, ಸಾರಿಗೆ ಉಪ್ಪು ಹೆಚ್ಚಾಯಿತು. ಎಲ್ಲರೂ ಉಂಡರು. ಮಧ್ಯಾಹ್ನ ಗುರುಪ್ರಸಾದ್ ಮುಖ ಗಂಟಿಕ್ಕಿಕೊಂಡೇ ಹುಡುಗ ಹುಡುಗಿಯರನ್ನು ಬೆರೆಸಿ ಹೊಸ ಸರದಿ ಪಟ್ಟಿ ಅಂಟಿಸಿದರು. ರಂಜಿನಿಯ ಬ್ಯಾಗು ಮತ್ತೆ ಒಳಗೆ ಹೋಯಿತು. ಮಂಚಮ್ಮ ಸಂಜೆಯವರೆಗೂ ಇದ್ದು, ಕೊನೆಯ ಸಾಲಿನಲ್ಲಿ ಕೂತು, ರಂಜಿನಿ ಎದ್ದುನಿಂತು ಆಡಿದ ಐದು ನಿಮಿಷದ ಮಾತನ್ನು ಕೇಳಿಯೇ ಬಸ್ಸು ಹತ್ತಿದಳು.

ಹತ್ತನೇ ದಿನ ಕೊಟ್ಟ ಪ್ರಮಾಣಪತ್ರದಲ್ಲಿ ರಂಜಿನಿಯ ಹೆಸರಿನ ಕೆಳಗೆ "ಶಿಸ್ತು: ಸಾಧಾರಣ" ಎಂದಿತ್ತು. ಸಂಘದಲ್ಲಿ ಅದನ್ನು ಓದಿಸಿ ಕೇಳಿದ ಮಂಚಮ್ಮ, "ಇನ್ನೊಂದ್ ಕಿತ ಓದು" ಎಂದು ನಕ್ಕಳು.

ಈ ವರ್ಷದ ಅರ್ಜಿಯಲ್ಲಿ ಹೊಸದೊಂದು ನಿಯಮ ಸೇರಿದೆ: ಶಿಬಿರದ ನಡುವೆ ಪ್ರಾಯೋಜಕರಿಗೆ ಪ್ರವೇಶವಿಲ್ಲ. ಮಂಚಮ್ಮ ಪೂರ್ತಿ ಓದಿಸಿಕೊಂಡು ಅದಕ್ಕೂ ಸಹಿ ಹಾಕಿದಳು. ಈ ಸಲ ಹೊರಟಿರುವ ಮಧುಶ್ರೀಗೆ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ರೂಲು ಏನಾರ ಇರ್ಲಿ ಕಣವ್ವ. ನೀನ್ ಫೋನ್ ಮಾಡು, ಬತ್ತೀನಿ."