ಗೂಟದ ಲೆಕ್ಕ, ಹಲಗೆಯ ಲೆಕ್ಕ

ನಾಹುಯಾ ಮೂವತ್ತೊಂದು ವರ್ಷ ಮಾಡಿದ ಕೆಲಸಕ್ಕೆ ಯಾರೂ ಸಂಬಳ ಕೊಡಲಿಲ್ಲ. ಹೊಟ್ಟೆಪಾಡಿಗೆ ಲಾಡ್ಜಿನ ಹಾಸಿಗೆಬಟ್ಟೆ ಒಗೆಯುತ್ತಿದ್ದಳು, ಅದು ಬೇರೆ. ಇದು ದಿನಾ ಬೆಳಿಗ್ಗೆ ರೋಟೊಹುನಾ ಸರೋವರದ ದೋಣಿಕಟ್ಟೆಯ ತುದಿಗೆ ಹೋಗಿ, ಕೊನೆಯ ಗೂಟಕ್ಕೆ ಕಟ್ಟಿದ ದಾರ ಎಳೆದು, ಥರ್ಮಾಮೀಟರು ನೋಡಿ, ನೀರು ಎಷ್ಟು ಬೆಚ್ಚಗಿದೆಯೆಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಕೆಲಸ. ಜುಲೈನ ಚಳಿಗಾಲಕ್ಕೆ ಹನ್ನೊಂದು, ಅಕ್ಟೋಬರಿನಲ್ಲಿ ಕೋವೈ ಮರದ ಹಳದಿ ಹೂ ಉದುರುವ ಹೊತ್ತಿಗೆ ಹದಿಮೂರು, ಕ್ರಿಸ್‌ಮಸ್ಸಿಗೆ ಹತ್ತೊಂಬತ್ತು, ಜನವರಿಯಲ್ಲಿ ಬೇಸಿಗೆ ನೆತ್ತಿಗೇರಿದಾಗ ಇಪ್ಪತ್ತೊಂದು. ಆ ಹಲಗೆ ನೋಡದೆ ಊರಿನ ಒಂದು ಮಗುವೂ ನೀರಿಗಿಳಿಯುತ್ತಿರಲಿಲ್ಲ.

ಒಂದು ತೊಡಕಿತ್ತು. ಗೂಟದ ಬುಡದಲ್ಲೇ ಬಿಸಿನೀರಿನ ಒಸರು. ಆ ಸೀಮೆಯ ನೆಲವೇ ಹಾಗೆ, ಎಲ್ಲಿ ಕೆದಕಿದರೂ ಹಬೆ. ಹಾಗಾಗಿ ಅಲ್ಲಿನ ಲೆಕ್ಕ ಯಾವತ್ತೂ ಸರೋವರಕ್ಕಿಂತ ನಾಲ್ಕು ಡಿಗ್ರಿ ಹೆಚ್ಚು. ಗೂಟವನ್ನು ಹತ್ತು ಮಾರು ಆಚೆ ನೆಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅದನ್ನು ಹೊಡೆದವನು ಅವಳಪ್ಪ. ಪಟ್ಟಣದ ಕಕ್ಕಸಿನ ನೀರನ್ನು ಸರೋವರಕ್ಕೆ ಬಿಡಲು ಪೈಪು ತಂದ ವರ್ಷ, ಊರಿಗೆ ಊರೇ ಆ ಕಟ್ಟೆಯ ಮೇಲೆ ನಲವತ್ತು ದಿನ ಕೂತು ಪೈಪನ್ನು ವಾಪಸು ಕಳಿಸಿತ್ತು. ಆ ಧರಣಿಯ ಬ್ಯಾನರು ಕಟ್ಟಿದ ಗೂಟ ಅದು. ಅದನ್ನು ಯಾರು ಕೀಳುತ್ತಾರೆ? ಊರು ಲೆಕ್ಕ ಕಳೆಯುವುದನ್ನೇ ರೂಢಿ ಮಾಡಿಕೊಂಡಿತು. ಗೂಟದಲ್ಲಿ ಹದಿನೇಳಿದ್ದರೆ ಹಲಗೆಯ ಮೇಲೆ ಹದಿಮೂರು.

ಅವಳ ತಮ್ಮ ಪಿರಿಮಿಗೆ ನಲವತ್ತಾರು. ಟಯರು ಅಂಗಡಿಯಲ್ಲಿ ಕೆಲಸ, ಬಾಯಿ ಜೋರು, ಹೊಟ್ಟೆ ಅದಕ್ಕಿಂತ ಜೋರು. ಪ್ರತಿವರ್ಷ ಕೋವೈ ಹೂ ಉದುರಿದ ಮೇಲೆ ಮೊದಲು ಸರೋವರ ದಾಟುವವನು ಅವನೇ. ಅವನು ಆಚೆ ದಡ ಮುಟ್ಟಿ ಕೈ ಎತ್ತಿದರೆ ಈಜು ಶುರು. ಅಲ್ಲಿಯತನಕ ಮಕ್ಕಳು ಮೊಣಕಾಲುದ್ದದ ನೀರು ದಾಟುವಂತಿಲ್ಲ. ಹಲಗೆಯಲ್ಲಿ ಹದಿನಾರು ದಾಟಿದ್ದರೆ ಬರಿಮೈಯಲ್ಲಿ ಇಳಿಯುತ್ತಿದ್ದ, ಇಲ್ಲದಿದ್ದರೆ ಚಳಿ ತಡೆಯುವ ರಬ್ಬರಿನ ಅಂಗಿ ತೊಡುತ್ತಿದ್ದ. ಅದು ಅವನ ಕಾನೂನು.

ಆ ಅಕ್ಟೋಬರಿನ ಭಾನುವಾರ ನಾಹುಯಾ ದಾರ ಎಳೆದು ನೋಡಿದ್ದಳು, ಹಲಗೆಯ ಮೇಲೆ ಇನ್ನೂ ಬರೆದಿರಲಿಲ್ಲ. ಲಾಡ್ಜಿನ ಗಾಡಿ ಹಾರ್ನ್ ಹೊಡೆಯಿತೆಂದು ಓಡುತ್ತಿದ್ದಳು. ಎದುರಿಗೆ ಪಿರಿಮಿ ಬಂದ.

“ಅಕ್ಕಾ, ಎಷ್ಟೇ ಇವತ್ತು?”

“ಹದಿನೇಳು ಕಣೋ!”

“ಹಂಗಾದ್ರೆ ರಬ್ಬರ್ ಅಂಗಿ ಯಾಕೆ? ಅದ್ರೊಳಗೆ ಈ ಹೊಟ್ಟೇನೂ ಹಿಡ್ಸಲ್ಲ.”

“ಹೊಟ್ಟೆ ಇದ್ರೆ ತೇಲ್ತೀಯ ಬಿಡೋ, ತಿಮಿಂಗಿಲ!” ಓಡುತ್ತಿದ್ದವಳ ಕಿವಿಗೆ ಬಿದ್ದದ್ದು ಹೊಟ್ಟೆಯ ಮಾತೊಂದೇ.

ಅವಳು ಹೇಳಿದ್ದು ಗೂಟದ ಲೆಕ್ಕ. ಅವನು ಕೇಳಿಸಿಕೊಂಡದ್ದು ಹಲಗೆಯ ಲೆಕ್ಕ. ನಾಲ್ಕನ್ನು ಅವನೇ ಕಳೆಯುತ್ತಾನೆಂದು ಅವಳು, ಅವಳು ಕಳೆದೇ ಹೇಳಿದ್ದಾಳೆಂದು ಅವನು.

ಒಸರಿನ ಬೆಚ್ಚಗಿನ ನೀರಲ್ಲಿ ಇಳಿದ. ಹತ್ತು ಮಾರು ದಾಟುತ್ತಲೇ ತಿಳಿದಿರಬೇಕು. ಆದರೆ ದಡದ ಮೇಲೆ ಊರಿನ ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದರು, ಪಿರಿಮಿ ತಿರುಗಿ ಬರುವ ಜಾತಿಯಲ್ಲ. ನಡುನೀರಲ್ಲಿ ಕೈ ಎತ್ತಿದ. ಮಕ್ಕಳು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಸಂಜೆ ಊರಿನ ಹಿರಿಯ ತಮಾತಿ ಅಜ್ಜ ದಡದಲ್ಲಿ ಕಂಬ ನೆಟ್ಟು, ಪ್ರಾರ್ಥನೆ ಹೇಳಿ, ರಾಹುಯಿ ಎಂಬ ಕಟ್ಟಳೆ ಹಾಕಿದ. ಅಂದಿನಿಂದ ಈಜಿಲ್ಲ, ದೋಣಿಯಿಲ್ಲ, ಮೀನಿಲ್ಲ. ಸತ್ತವನಿರುವ ನೀರು ಯಾರ ಮೈಗೂ ಬಾಯಿಗೂ ತಾಗಬಾರದು. ಪೊಲೀಸರ ಮುಳುಗುಗಾರರು ಮಾತ್ರ ಒಂಬತ್ತು ದಿನ ಹುಡುಕಿ, ಬರಿಗೈಯಲ್ಲಿ ಹೊರಟರು. ಹೋಗುವಾಗ ಅವರಲ್ಲೊಬ್ಬಳು, ಸಮಾಧಾನಕ್ಕೋ ಏನೋ, “ನೀರು ಬೆಚ್ಚಗಾದ್ರೆ ಮೇಲೆ ಬರ್ತಾರೆ ಕಣಮ್ಮ” ಎಂದಳು.

ನಾಹುಯಾ ಆ ಮಾತನ್ನೇ ಹಿಡಿದುಕೊಂಡಳು. ಹೆಣದ ಪಕ್ಕ ಮೂರು ದಿನ ಕೂತು, ಬೈದು, ಅತ್ತು, ನಕ್ಕು, ಕಳಿಸಿಕೊಡುವ ಜನ ಅವರು. ಬರೀ ಫೋಟೋದ ಮುಂದೆ ಕೂತು ಯಾರನ್ನು ಬೈಯುವುದು? ದಿನಾ ದಾರ ಎಳೆದಳು, ನಾಲ್ಕು ಕಳೆದಳು. ಹದಿನಾಲ್ಕು. ಹದಿನಾರು. ಹದಿನೆಂಟು. ಆ ಭಾನುವಾರ ತಾನು ಹೇಳಿದ ಹದಿನೇಳನ್ನು ಮಾತ್ರ ಯಾರ ಮುಂದೆಯೂ ಬಾಯಿಬಿಡಲಿಲ್ಲ.

ಕ್ರಿಸ್‌ಮಸ್ ಬಂತು. ಇಂಥ ಕಟ್ಟಳೆ ಎರಡು ವಾರಕ್ಕೋ ತಿಂಗಳಿಗೋ ಮುಗಿಯುತ್ತದೆ. ಇದು ಎರಡು ತಿಂಗಳು ದಾಟಿತ್ತು. ಊರಿನ ಸಭಾಮನೆಯಲ್ಲಿ ಜನ ಸೇರಿದರು.

“ರಜೆ ಕಳೆಯೋಕೆ ಇಲ್ಲಿ ಮನೆ ಕಟ್ಕೊಂಡಿರೋ ಪಟ್ಟಣದೋರು ಪೇಪರಿಗೆ ಬರ್ದವ್ರಂತೆ, ನಾವು ಸರೋವರ ನುಂಗ್ತಾ ಇದೀವಂತೆ,” ಎಂದ ಒಬ್ಬ.

“ನಮ್ ನೆಲ ನುಂಗಿದ್ದು ಯಾರ ತಾತ ಅಂತ ಕೇಳ್ಬೇಕಿತ್ತು ನೀನು,” ಎಂದಳು ಪಿರಿಮಿಯ ಹೆಂಡತಿ ರಿಪೆಕಾ. ಆಮೇಲೆ ನಾಹುಯಾಳ ಕಡೆ ತಿರುಗಿದಳು. “ಆದ್ರೂ ಅತ್ತಿಗೆ, ನನ್ ಮಕ್ಕಳು ಬಚ್ಚಲ ತೊಟ್ಟೀಲಿ ಈಜಾಡ್ತಾ ಇದಾವೆ. ಸಾಕು ಮಾಡೋಣ.”

“ಹತ್ತೊಂಬತ್ತಾಗಿದೆ ರಿಪೆಕಾ. ಇನ್ನೆರಡೇ ಡಿಗ್ರಿ. ಬರ್ತಾನೆ.”

ತಮಾತಿ ಅಜ್ಜ ಕೆಮ್ಮಿ ಹೇಳಿದ, “ಇಪ್ಪತ್ತೊಂದಾಗೋ ತನಕ. ಆಮೇಲೆ ಕಂಬ ಕೀಳ್ತೀನಿ. ಆಗ ನನ್ ಹತ್ರ ಗೋಳು ಹೊಯ್ಕೋಬೇಡ.”

ಜನವರಿಯ ಕೊನೆಗೆ ಇಪ್ಪತ್ತೊಂದಾಯಿತು. ಪಿರಿಮಿ ಬರಲಿಲ್ಲ.

“ದೋಣಿ ಇಳಿಸು ಅಜ್ಜ. ತಳದ ನೀರು ನೋಡ್ಬೇಕು,” ಎಂದಳು. ಕಂಬ ನೆಟ್ಟವನೇ ಜೊತೆಗಿದ್ದರೆ ಇಳಿಯಬಹುದು. ಮುದುಕ ಪ್ರಾರ್ಥನೆ ಹೇಳಿ, ಗೊಣಗುತ್ತ ಹುಟ್ಟು ಹಿಡಿದ. ಅಪ್ಪ ಕಲಿಸಿದ ಉಪಾಯವೊಂದಿತ್ತು: ಫ್ಲಾಸ್ಕಿಗೆ ಕಲ್ಲು ಕಟ್ಟಿ ಒಂದು ದಾರದಲ್ಲಿ ಇಳಿಬಿಟ್ಟು, ತಳ ಮುಟ್ಟಿದಾಗ ಬಿರಡೆಗೆ ಕಟ್ಟಿದ ಇನ್ನೊಂದು ದಾರ ಜಗ್ಗುವುದು. ಕೆಳಗಿನ ನೀರು ಕೆಳಗಿನ ತಂಪಿನಲ್ಲೇ ಮೇಲೆ ಬರುತ್ತದೆ. ಪಿರಿಮಿಯ ಮೀನಿನ ದಾರ ಎಂಬತ್ತು ಮೀಟರು ಬಿಚ್ಚಿಕೊಂಡಿತು. ಗುಳ್ಳೆಗಳು ಎದ್ದವು. ಅವಳು ಮೇಲೆಳೆದು ಥರ್ಮಾಮೀಟರು ಅದ್ದಿದಳು.

“ಎಷ್ಟು?”

“ಹನ್ನೊಂದು.”

“ಕಳೆದು ಹೇಳ್ತಾ ಇದೀಯೋ, ಕಳೀದೆ ಹೇಳ್ತಾ ಇದೀಯೋ?”

“ಇಲ್ಲಿ ಒಸರಿಲ್ಲ ಅಜ್ಜ. ಕಳಿಯೋಕೇನಿದೆ?”

“ತಳ ವರ್ಷವಿಡೀ ಹನ್ನೊಂದೇ. ಬೇಸಿಗೆ ಅನ್ನೋದೆಲ್ಲ ಮೇಲ್ಮೇಲೆ. ಅಷ್ಟು ಆಳಕ್ಕೆ ಹೋದೋನು ಮೇಲೆ ಬರಲ್ಲ.”

“ಗೊತ್ತಿದ್ದೂ ಯಾಕೆ ಸುಮ್ನಿದ್ದೆ?”

“ನೀನು ಕೇಳ್ಲಿಲ್ಲ.”

ಆಗ ಅವಳು ಆ ಹದಿನೇಳರ ಮಾತು ಹೇಳಿದಳು. ಮುದುಕ ಹುಟ್ಟನ್ನು ಮೇಲೆತ್ತಿ ತೊಡೆಯ ಮೇಲಿಟ್ಟುಕೊಂಡ. ದೋಣಿ ತನ್ನಷ್ಟಕ್ಕೆ ತಿರುಗಿತು.

“ರಿಪೆಕಾಗೆ ಹೇಳಿದ್ಯಾ?”

“ಇಲ್ಲ.”

“ಹೇಳು. ಅವಳು ಕ್ಷಮಿಸ್ತಾಳೆ ಅಂತಲ್ಲ. ಕ್ಷಮಿಸಲ್ಲ ಅವಳು.”

ಹೇಳಿದಳು. ರಿಪೆಕಾ ಬೈಯಲೂ ಇಲ್ಲ. ಮಕ್ಕಳ ಬಟ್ಟೆ ಗಂಟು ಕಟ್ಟಿ, ಸಂಜೆಯ ಬಸ್ಸಿಗೆ ತವರಿಗೆ ಹೋದಳು.

ಮರುದಿನ ಬೆಳಕು ಹರಿಯುವಾಗ ತಮಾತಿ ಕಂಬ ಕಿತ್ತ. ಹತ್ತು ಗಂಟೆಗೆಲ್ಲ ನೀರಿನ ತುಂಬ ಮಕ್ಕಳು. ನಾಹುಯಾ ಹಲಗೆಯ ಮೇಲೆ ಇಪ್ಪತ್ತೊಂದು ಎಂದು ಬರೆದಳು, ಅದರ ಕೆಳಗೆ ‘ತಳ: ಹನ್ನೊಂದು’ ಎಂದು ಬರೆದಳು. ಬಂದ ಗಿರಾಕಿಗಳು ಹೆದರುತ್ತಾರೆ, ಕೆಳಗಿನದನ್ನು ಒರೆಸು ಎಂದು ಲಾಡ್ಜಿನ ಮ್ಯಾನೇಜರು ಹೇಳಿ ಕಳಿಸಿದ. ಅವಳು ಒರೆಸಲಿಲ್ಲ. ಮಾರ್ಚಿಗೆ ಅವಳನ್ನು ಲಾಡ್ಜಿನ ಕೆಲಸದಿಂದ ಬಿಡಿಸಿದರು.

ಈಗಲೂ ದಿನಾ ಹೋಗಿ ದಾರ ಎಳೆಯುತ್ತಾಳೆ. ಯಾರಾದರೂ ಎಷ್ಟೆಂದು ಕೂಗಿ ಕೇಳಿದರೆ ಬಾಯಿ ಬಿಡುವುದಿಲ್ಲ, ಹಲಗೆಯತ್ತ ಕೈ ತೋರಿಸುತ್ತಾಳೆ. ಗೂಟ ಅಲ್ಲೇ ಇದೆ. ಅದನ್ನು ಸರಿಸೋಣವೆಂದು ಊರಲ್ಲಿ ಯಾರೂ ಹೇಳಲಿಲ್ಲ. ಅವಳೂ ಹೇಳಲಿಲ್ಲ.