ಮೊದಲು ಒತ್ತಡ ಇಳಿಯಲಿ

ನಾನು ಕೆಲಸಕ್ಕಿದ್ದ ತಮಿಳುನಾಡಿನ ಮಣಲಿಯ ರಿಫೈನರಿಯಲ್ಲಿ ಬಾಯ್ಲರಿನ ಒತ್ತಡ ಏರಿದರೆ ತಪ್ಪು ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಮೊದಲು ಒತ್ತಡ ಇಳಿಸಬೇಕು, ವಿಚಾರಣೆ ಆಮೇಲೆ. ಮನೆಯಲ್ಲಿ ಮಾತ್ರ ಮಗಳು ರೇಗಿದ ಕೂಡಲೇ ನನ್ನ ಕೈ ಏಳುತ್ತಿತ್ತು. ರೇಗಿದ ಮಗುವಿನ ಮೆದುಳು ಬುದ್ಧಿಮಾತನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮೊದಲು ಅದು ಶಾಂತವಾಗಬೇಕು ಎಂದು ಅವಳ ಶಾಲೆಗೆ ಬಂದಿದ್ದ ಮಕ್ಕಳ ಡಾಕ್ಟರು ಹೇಳಿದಾಗ ನಾಚಿಕೆಯಾಯಿತು. ಇನ್ನು ಕೈ ಎತ್ತಕೂಡದೆಂದು ನಿಶ್ಚಯಿಸಿದೆ.

ಮರುದಿನವೇ ಅವಳು ಲೆಕ್ಕದ ಪುಸ್ತಕ ಎಸೆದಳು.

"ಎರಡು ಬಿಟ್ರೆ ಸರಿಹೋಗ್ತಾಳೆ," ಎಂದಳು ಹೆಂಡತಿ.

ನಾನು ಕೈಕಟ್ಟಿ ಮಗಳ ಪಕ್ಕ ನೆಲದ ಮೇಲೆ ಕೂತೆ. ಅವಳು ಕಿರುಚಿದಳು, ಒದ್ದಳು, ನಾನು ಏಳಲಿಲ್ಲ. ಕೊನೆಗೆ ಬಿಕ್ಕುತ್ತಾ ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ಹೇಳಿದಳು: "ಲೆಕ್ಕ ಬರಲ್ಲಪ್ಪಾ, ಭಯಮಾ ಇರುಕ್ಕು."

ಹಠವೆಂದು ಇಷ್ಟು ದಿನ ನಾನು ಹೊಡೆದದ್ದು ಅವಳ ಹೆದರಿಕೆಯನ್ನು.